ನ್ಯಾಯವಾದ ಕೋಪ, ಅನ್ಯಾಯವಾದ ಕೊಲೆ

೨೦೨೪ರ ಡಿಸೆಂಬರ್ ೪ರಂದು ನ್ಯೂಯಾರ್ಕ್ ನಗರದಲ್ಲಿ ಯುನೈಟೆಡ್ ಹೆಲ್ತ್‌ಕೇರ್ ಎಂಬ ಆರೋಗ್ಯವಿಮಾ ಸಂಸ್ಥೆಯ ಮುಖ್ಯಾಧಿಕಾರಿ ಬ್ರಯಾನ್ ಥಾಮ್ಸನ್ ಗುಂಡೇಟಿಗೆ ಬಲಿಯಾದಾಗ, ವಿಮಾ ಕಂಪೆನಿಗಳ ಮೇಲೆ ಕುಪಿತರಾಗಿದ್ದ ಅನೇಕರು ಆ ಕೊಲೆಯನ್ನೇ ಕೊಂಡಾಡಿದರು. ಶಿವಮೊಗ್ಗ, ಭದ್ರಾವತಿಗಳಲ್ಲಿಯೂ ವರ್ಷವರ್ಷ ಕಂತು ಕಟ್ಟಿ, ಆಸ್ಪತ್ರೆಯ ಬಿಲ್ಲು ಬಂದಾಗ ಇಲ್ಲವೆನ್ನಿಸಿಕೊಂಡ ಗೃಹಸ್ಥರಿದ್ದಾರೆ. ಅವರ ಸಂಕಟ ಸುಳ್ಳಲ್ಲ. ಆದರೆ ಸಂಕಟವು ಕೊಲ್ಲುವ ಅಧಿಕಾರವನ್ನು ಕೊಡುವುದೇ?

ವಾಚಕರು ಅಶ್ವತ್ಥಾಮನ ವೃತ್ತಾಂತವನ್ನು ಸ್ಮರಿಸಬೇಕು. ಶಸ್ತ್ರತ್ಯಾಗ ಮಾಡಿದ ತಂದೆಯನ್ನು ಧೃಷ್ಟದ್ಯುಮ್ನನು ಕೊಂದನೆಂಬ ಅವನ ದುಃಖ ನಿಜವೇ. ಆದರೂ ಇರುಳಿನಲ್ಲಿ ಶಿಬಿರವನ್ನು ಹೊಕ್ಕ ಅವನ ಕ್ರೋಧ ಧೃಷ್ಟದ್ಯುಮ್ನನೊಬ್ಬನಲ್ಲಿಗೇ ನಿಲ್ಲಲಿಲ್ಲ. ದ್ರೌಪದಿಯ ಐವರು ಮಕ್ಕಳನ್ನೂ ನುಂಗಿತು. ತಾನೇ ದೂರುಗಾರನೂ ನ್ಯಾಯಾಧೀಶನೂ ಆದವನಿಗೆ ‘ಇಲ್ಲಿಗೆ ಸಾಕು’ ಎನ್ನುವವರು ಯಾರು?

ಹಾಗೆಂದು ನೊಂದವನಿಗೆ ತಾಳ್ಮೆಯನ್ನಷ್ಟೇ ಉಪದೇಶಿಸುವುದೂ ಧರ್ಮವಲ್ಲ. ಬೆಂಗಳೂರಿನಲ್ಲಿ ವಿಮಾ ಒಂಬುಡ್ಸ್‌ಮನ್ ಕಚೇರಿಯಿದೆ. ಶುಲ್ಕವಿಲ್ಲ, ವಕೀಲರು ಬೇಕಿಲ್ಲ. ೫೦ ಲಕ್ಷ ರೂಪಾಯಿಗಳವರೆಗೆ ಪರಿಹಾರ ವಿಧಿಸುವ ಅಧಿಕಾರ ಅದಕ್ಕಿದೆ. ಮೊದಲು ಕಂಪೆನಿಗೇ ಬರೆದು, ಅದು ನಿರಾಕರಿಸಿದ ಒಂದು ವರ್ಷದೊಳಗೆ ಅಲ್ಲಿ ದೂರು ಸಲ್ಲಿಸಬೇಕು. ಬರೆಯಲರಿಯದ ನೆರೆಯವನಿಗೆ ಆ ದೂರನ್ನು ಬರೆದುಕೊಡುವುದು ಓದುಬಲ್ಲವರ ಕರ್ತವ್ಯ. ಕೊಲೆಯನ್ನು ಖಂಡಿಸುವ ಅರ್ಹತೆ ಅಂಥ ನೆರವಿನಿಂದಲೇ ಲಭಿಸುವುದು.