ಲಾರಿ ಚಾಲಕನ ಕೂಲಿಯೂ ಶ್ರಾವಕನ ವ್ರತವೂ

ಸರಕು ಸಾಗಣೆಯ ಲಾರಿಯನ್ನು ನಡೆಸಿ ಬದುಕಲು ನಿಶ್ಚಯಿಸಿದ ಯುವಕನ ಮುಂದೆ ಸಾಮಾನ್ಯವಾಗಿ ಎರಡು ದಾರಿಗಳಿರುತ್ತವೆ. ಒಂದು, ಟ್ರಿಪ್ಪಿನ ಲೆಕ್ಕದಲ್ಲಿ ದುಡಿಯುವುದು: ಓಡಿದಷ್ಟು ಹಣ, ಜೊತೆಗೆ ದಿನದ ಬಾಟಾ, ಲೋಡು ಇಲ್ಲದ ದಿನ ಏನೂ ಇಲ್ಲ. ಇನ್ನೊಂದು, ತಿಂಗಳ ಸಂಬಳಕ್ಕೆ ಸೇರುವುದು: ಕೈಗೆ ಬರುವ ಮೊತ್ತ ಕಡಿಮೆ, ಆದರೆ ಭವಿಷ್ಯನಿಧಿಯುಂಟು, ರಜೆಯುಂಟು, ಮುಂದಿನ ತಿಂಗಳೂ ಕೆಲಸವಿರುತ್ತದೆಂಬ ಧೈರ್ಯವುಂಟು. ತುಮಕೂರಿನ ಮಾರುಕಟ್ಟೆ ಪ್ರಾಂಗಣದಿಂದ ಹೊರಡುವ ಅಡಿಕೆ, ಗುಬ್ಬಿ ಸೀಮೆಯ ತೆಂಗಿನಕಾಯಿ, ವಸಂತನರಸಾಪುರದ ಕಾರ್ಖಾನೆಗಳ ಸರಕು, ಕುಣಿಗಲ್ ಮಾರ್ಗವಾಗಿ ಮಂಗಳೂರಿನತ್ತ ಸಾಗುವ ಭಾರ, ಇವೆಲ್ಲವೂ ಈ ಎರಡರಲ್ಲೊಂದು ದಾರಿಯನ್ನು ಆಯ್ದುಕೊಂಡವನ ಕೈಯಲ್ಲಿ ಚಲಿಸುತ್ತವೆ.

ಲೋಕದೃಷ್ಟಿಗೆ ಇದು ಚಾಲಕನೊಬ್ಬನ ಸ್ವಂತ ಲೆಕ್ಕಾಚಾರ. ಧರ್ಮದೃಷ್ಟಿಗೆ ಇದರೊಳಗೆ ಎರಡು ಪ್ರಶ್ನೆಗಳಿವೆ. ಚಾಲಕನಿಗೆ ಯಾವುದು ಶ್ರೇಯಸ್ಕರ? ಅವನ ಮುಂದೆ ಈ ಆಯ್ಕೆಯನ್ನಿಟ್ಟ ಮಾಲೀಕನ ಮತ್ತು ವರ್ತಕನ ಹೊಣೆ ಎಷ್ಟು? ಎರಡನೆಯ ಪ್ರಶ್ನೆಯನ್ನು ಬಿಟ್ಟು ಮೊದಲನೆಯದಕ್ಕೆ ಉತ್ತರ ಹೇಳುವುದು ನ್ಯಾಯವಲ್ಲ.

ಮೊದಲು ಅಂಕಿಗಳನ್ನು ಪರಿಶೀಲಿಸಬಹುದು. ಉದಾಹರಣೆಗಾಗಿ, ಟ್ರಿಪ್ಪಿನ ಚಾಲಕನಿಗೆ ತಿಂಗಳಿಗೆ 28,000 ರೂ., ಸಂಬಳದ ಚಾಲಕನಿಗೆ 20,000 ರೂ. ಎಂದು ಭಾವಿಸೋಣ. ಮೇಲ್ನೋಟಕ್ಕೆ 8,000 ರೂ.ಗಳ ಅಂತರ. ಆದರೆ ಲೋಡು ಸಿಗದೆ, ಕಾಯಿಲೆ ಬಿದ್ದು, ಲಾರಿ ಗ್ಯಾರೇಜಿನಲ್ಲಿ ನಿಂತು ವರ್ಷದಲ್ಲಿ ಎರಡು ತಿಂಗಳು ಕಳೆದುಹೋದರೆ ಮೊದಲನೆಯವನ ಗಳಿಕೆ 2,80,000 ರೂ. ಎರಡನೆಯವನ ವರ್ಷದ ಸಂಬಳ 2,40,000 ರೂ.; ಭವಿಷ್ಯನಿಧಿಗೆ ಶೇ. 12ರಂತೆ ಮಾಲೀಕನ ಪಾಲು 28,800 ರೂ.; ಐದು ವರ್ಷ ಸೇವೆ ಪೂರೈಸಿದವನಿಗೆ ವರ್ಷಕ್ಕೆ ಹದಿನೈದು ದಿನಗಳ ಸಂಬಳದಂತೆ ಸಲ್ಲುವ ಗ್ರಾಚ್ಯುಟಿ ಸುಮಾರು 11,500 ರೂ. ಒಟ್ಟು 2,80,300 ರೂ. ಹೀಗೆ ಅಂತರವು ಅಳಿದುಹೋಗುತ್ತದೆ. ಭದ್ರತೆಯೆಂಬುದು ಮಾಲೀಕನ ದಾನವಲ್ಲ, ಕೂಲಿಯದೇ ಒಂದು ಭಾಗ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಎರಡು ತಿಂಗಳು ಎಂಬುದು ಅತಿಶಯದ ಮಾತಲ್ಲ. 2018ರ ಆಗಸ್ಟ್ ಮಳೆಯಲ್ಲಿ ಶಿರಾಡಿ ಘಾಟಿ ಕುಸಿದು ಕುಣಿಗಲ್ ಮಾರ್ಗದಿಂದ ಕರಾವಳಿಗೆ ಹೋಗುವ ಭಾರಿ ವಾಹನಗಳ ಸಂಚಾರ ನಿಂತಿತು. 2024ರ ಜುಲೈನಲ್ಲಿ ಅದೇ ಘಾಟಿ ಮತ್ತೆ ಕುಸಿಯಿತು. 2020ರ ಮಾರ್ಚ್ 25ರಿಂದ ದೇಶವೇ ಬಾಗಿಲು ಮುಚ್ಚಿತು. 2025ರ ಏಪ್ರಿಲ್‌ನಲ್ಲಿ ಡೀಸೆಲ್ ಬೆಲೆಯೇರಿಕೆಯನ್ನು ವಿರೋಧಿಸಿ ರಾಜ್ಯದ ಲಾರಿ ಮಾಲೀಕರು ಮುಷ್ಕರ ಹೂಡಿದರು. ಇಂಥ ದಿನಗಳಲ್ಲಿ ಟ್ರಿಪ್ಪಿನ ಚಾಲಕನ ಮನೆಯ ಒಲೆಯು ಯಾರ ಲೆಕ್ಕಪುಸ್ತಕದಲ್ಲಿಯೂ ಇರುವುದಿಲ್ಲ.

ಹಾಗೆಂದು ಟ್ರಿಪ್ಪಿನ ದುಡಿಮೆಯನ್ನು ಆರಿಸಿದವನೆಲ್ಲ ಲೋಭಿಯೆನ್ನಲಾಗದು. ತಂದೆಯ ಸಾಲ, ತಂಗಿಯ ಮದುವೆ, ಹೊಸ ಮನೆಯ ಗೋಡೆ ಇವು ಇಂದೇ ಹಣ ಬೇಡುತ್ತವೆ. ಅರವತ್ತರ ವಯಸ್ಸಿನ ಭವಿಷ್ಯನಿಧಿಯನ್ನು ಕಾಯುವುದಿಲ್ಲ. ಭದ್ರತೆಯ ಹೆಸರಿನಲ್ಲಿ ನ್ಯಾಯವಾದ ಕೂಲಿಯನ್ನೇ ಕತ್ತರಿಸುವ ಮಾಲೀಕರೂ ಇಲ್ಲದಿಲ್ಲ. ಅಂಥಲ್ಲಿ ಸಂಬಳದ ನೌಕರಿಯು ಭಯದ ಫಲವೇ ಹೊರತು ಸಂತೋಷದ ಫಲವಲ್ಲ. ಆದುದರಿಂದ ಚಾಲಕನು ಕೇಳಿಕೊಳ್ಳಬೇಕಾದದ್ದು ಎಷ್ಟು ಹೆಚ್ಚು ಎಂಬುದನ್ನಲ್ಲ, ಎಷ್ಟರವರೆಗೆ ಎಂಬುದನ್ನು. ಇಷ್ಟು ಸಾಲ ತೀರುವವರೆಗೆ, ಇಂತಿಷ್ಟು ವರ್ಷ, ರಾತ್ರಿಯ ಇಂತಿಷ್ಟು ಗಂಟೆಯವರೆಗೆ ಮಾತ್ರ ಎಂದು ಗೆರೆ ಎಳೆದುಕೊಂಡವನ ಗಳಿಕೆಯು ಪರಿಮಾಣದೊಳಗಿನ ಗಳಿಕೆ. ಗೆರೆಯಿಲ್ಲದವನು ಒಂದು ಟ್ರಿಪ್ಪು ಮುಗಿಸಿ ಮಲಗುವ ಬದಲು ಇನ್ನೊಂದಕ್ಕೆ ಹೊರಡುತ್ತಾನೆ. ಆಗ ಅವನು ಮಾರುತ್ತಿರುವುದು ಶ್ರಮವನ್ನಲ್ಲ, ನಿದ್ರೆಯನ್ನು. ನಿದ್ರೆಗೆಟ್ಟ ಕಣ್ಣಿನ ಮುಂದೆ ಸೈಕಲ್ ಸವಾರನ ಜೀವವೂ ಇರುತ್ತದೆ. ಅದನ್ನು ಮಾರುವ ಅಧಿಕಾರ ಅವನಿಗಿಲ್ಲ.

ಇನ್ನು ಎರಡನೆಯ ಪ್ರಶ್ನೆ. ತತ್ತ್ವಾರ್ಥಸೂತ್ರವು ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಅತಿಭಾರಾರೋಪಣವನ್ನು, ಎಂದರೆ ತಾಳಲಾರದಷ್ಟು ಭಾರ ಹೇರುವುದನ್ನು, ಎಣಿಸಿದೆ. ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅತಿವಾಹನ ಮತ್ತು ಅತಿಭಾರವಹನಗಳನ್ನು ಪರಿಗ್ರಹ ಪರಿಮಾಣ ವ್ರತದ ದೋಷಗಳೆಂದು ಹೇಳಿರುವುದು ಇಲ್ಲಿ ವಿಶೇಷವಾಗಿ ವಿಚಾರಣೀಯ. ಶಕ್ತಿ ಮೀರಿ ಓಡಿಸುವುದರ ಮೂಲ ಕ್ರೌರ್ಯವಲ್ಲ, ಲೋಭ ಎಂಬುದು ಇದರ ಭಾವ. ಎತ್ತನ್ನು ದ್ವೇಷಿಸಿ ಯಾರೂ ಹೆಚ್ಚು ದೂರ ಓಡಿಸುವುದಿಲ್ಲ. ಬಾಡಿಗೆಯ ಆಸೆಯಿಂದ ಓಡಿಸುತ್ತಾರೆ. ಶ್ರಾವಕನಿಗೆ ವರ್ಜ್ಯವಾದ ಹದಿನೈದು ವೃತ್ತಿಗಳಲ್ಲಿ ಶಕಟಕರ್ಮ, ಭಾಟಕಕರ್ಮಗಳು ಸೇರಿದುದಕ್ಕೂ ಗಾಡಿ ಎಳೆಯುವ ಪ್ರಾಣಿಯ ನೋವೇ ಮುಖ್ಯ ಕಾರಣ. ಇಂದು ಎತ್ತಿನ ಸ್ಥಾನಕ್ಕೆ ಎಂಜಿನ್ನು ಬಂದಿದೆ. ಭಾರವನ್ನು ಎಂಜಿನ್ನು ಹೊತ್ತಿತು. ದಣಿವು ಮಾತ್ರ ಚಾಲಕನ ಪಾಲಿಗೆ ಬಂದಿತು. ನಾಳೆ ಬೆಳಿಗ್ಗೆಯೇ ಸರಕು ತಲುಪಬೇಕೆಂದು ಹಟ ಹಿಡಿಯುವ ವರ್ತಕನು ಅತಿವಾಹನ ದೋಷದಿಂದ ದೂರವಿದ್ದಾನೆನ್ನಲು ಸಾಧ್ಯವಿಲ್ಲ.

ಕಾನೂನು ಈ ದಿಕ್ಕಿನಲ್ಲಿ ಸ್ವಲ್ಪ ದೂರ ಬಂದಿದೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯು ಮಿತಿಮೀರಿದ ಭಾರಕ್ಕೆ 20,000 ರೂ. ಮತ್ತು ಹೆಚ್ಚಿನ ಪ್ರತಿ ಟನ್ನಿಗೆ 2,000 ರೂ. ದಂಡವನ್ನು ವಿಧಿಸಿತು. ಓಡಿಸಿದವನನ್ನಲ್ಲದೆ ಓಡಿಸುವಂತೆ ಮಾಡಿದವನನ್ನೂ, ಓಡಿಸಲು ಬಿಟ್ಟವನನ್ನೂ ಅದು ಹೊಣೆಗಾರರನ್ನಾಗಿಸುತ್ತದೆ. ಕೃತ, ಕಾರಿತ, ಅನುಮೋದಿತಗಳನ್ನು ಬಲ್ಲ ಜೈನರಿಗೆ ಇದು ಹೊಸ ಮಾತಲ್ಲ. ಕರ್ನಾಟಕ ಸರ್ಕಾರವು ಸಾರಿಗೆ ಕಾರ್ಮಿಕರ ಸಾಮಾಜಿಕ ಭದ್ರತೆಗಾಗಿ 2024ರಲ್ಲಿ ಪ್ರತ್ಯೇಕ ಕಾನೂನನ್ನೇ ರಚಿಸಿತು. ಆದರೂ ಭವಿಷ್ಯನಿಧಿ ಕಡ್ಡಾಯವಾಗುವುದು ಇಪ್ಪತ್ತು ಮಂದಿ ಕೆಲಸಗಾರರಿರುವ ಸಂಸ್ಥೆಗೆ; 2025ರವರೆಗೆ ಜಾರಿಯಲ್ಲಿದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯು ದಿನಕ್ಕೆ 8 ಗಂಟೆಯ ಮಿತಿ ಹಾಕಿದ್ದೂ ಐದು ಮಂದಿಯಿರುವ ಸಂಸ್ಥೆಗೆ. ಒಂದೆರಡು ಲಾರಿಗಳನ್ನಿಟ್ಟುಕೊಂಡವನಿಗೆ ಇವು ತಾಗುವುದಿಲ್ಲ. ಕಾನೂನು ತಲುಪದ ಆ ಜಾಗದಲ್ಲಿ ವ್ರತವು ತಲುಪಬೇಕು.

ವ್ರತಿಯಾದ ವರ್ತಕನಿಗೆ ಇದು ಅಸಾಧ್ಯವೇನಲ್ಲ. ಲೋಡಿಲ್ಲದ ದಿನಗಳಿಗೂ ಒಂದು ಕನಿಷ್ಠ ಸಂಬಳ ಗೊತ್ತುಮಾಡಿ ಅದರ ಮೇಲೆ ಟ್ರಿಪ್ಪಿನ ಹಣ ಕೊಡಬಹುದು. ಚಾಲಕನ ಹೆಸರಿನಲ್ಲಿ ಅಪಘಾತ ವಿಮೆ ಮಾಡಿಸಬಹುದು. ದೂರದ ಪ್ರಯಾಣಕ್ಕೆ ಇಬ್ಬರು ಚಾಲಕರನ್ನು ಕಳುಹಿಸಬಹುದು. ತಡವಾದುದಕ್ಕೆ ಬಾಡಿಗೆಯಲ್ಲಿ ಮುರಿದುಕೊಳ್ಳುವ ಪದ್ಧತಿಯನ್ನು ಬಿಡಬಹುದು. ಇವುಗಳಿಂದ ಲಾಭ ತುಸು ಇಳಿಯುವುದು ನಿಜ. ಆದರೆ ಆ ಇಳಿಕೆಯೇ ವ್ರತದ ಅರ್ಥ. ಏನೂ ಕಡಿಮೆಯಾಗದ ಪರಿಮಾಣವು ಪರಿಮಾಣವಲ್ಲ.

ಶಾಸ್ತ್ರಗಳು ಹೇಳುವ ಬಾಹ್ಯ ಪರಿಗ್ರಹಗಳಲ್ಲಿ ಹೊಲ, ಮನೆ, ಚಿನ್ನ, ಧಾನ್ಯಗಳ ಜೊತೆಗೆ ಸೇವಕರೂ ಸೇರಿದ್ದಾರೆ. ಆಸ್ತಿಗೆ ಮಿತಿಯನ್ನು ಬರೆದುಕೊಳ್ಳುವ ಶ್ರಾವಕನು ಅದೇ ಹಾಳೆಯಲ್ಲಿ, ಇನ್ನೊಬ್ಬನಿಂದ ದಿನಕ್ಕೆ ಎಷ್ಟು ಗಂಟೆ ಲಾರಿ ಓಡಿಸುತ್ತೇನೆ ಎಂಬುದಕ್ಕೂ ಒಂದು ಮಿತಿಯನ್ನು ಬರೆದುಕೊಳ್ಳುವುದು ಉಚಿತ. ಆಗ ಹೆಚ್ಚು ಹಣವೋ ಭದ್ರತೆಯೋ ಎಂದು ಚಾಲಕನು ತೂಗಬೇಕಾದ ಕಷ್ಟವೂ ಅಷ್ಟರಮಟ್ಟಿಗೆ ಕಡಿಮೆಯಾದೀತು.