ಪ್ರಮಾದವು ಅಪರಾಧವೆ?

ತಿಳಿಯದೆ ಮಾಡಿದ ತಪ್ಪಿಗೆ ಮನುಷ್ಯನು ಎಷ್ಟರಮಟ್ಟಿಗೆ ಹೊಣೆಗಾರನು ಎಂಬುದು ಪಾಠಶಾಲೆಯ ಜಗಲಿಯಲ್ಲಿ ಕುಳಿತವರಿಗೆ ವಾದದ ವಿಷಯವಾಗಿರಬಹುದು. ನಂದಿದುರ್ಗದ ಗಣಿಯ ಸುತ್ತ ಬಾಳಿದ ಮನೆಗಳಿಗೆ ಅದು ಪ್ರಾಣದ ಪ್ರಶ್ನೆಯಾಗಿದ್ದಿತು. ಕೋಲಾರದ ಚಿನ್ನದ ಗಣಿಗಳು 2001ನೆಯ ಇಸವಿಯ ಫೆಬ್ರವರಿಯ ಕೊನೆಯಲ್ಲಿ ಮುಚ್ಚಿದವು. ಅದಕ್ಕೆ ಹಿಂದೆ ಒಂದು ಶತಮಾನಕ್ಕೂ ಮಿಕ್ಕ ಕಾಲ ಇಲ್ಲಿಯ ಜನರು ಪಂಜರದಲ್ಲಿ ನಿಂತು ಭೂಗರ್ಭಕ್ಕೆ ಇಳಿಯುತ್ತಿದ್ದರು; ಚಾಂಪಿಯನ್ ರೀಫ್ ಗಣಿಯ ಆಳವು ಮೂರು ಕಿಲೋಮೀಟರನ್ನು ಮೀರಿದ್ದಿತು. ಆ ಆಳದಲ್ಲಿ ಬಂಡೆಯು ತಾನಾಗಿ ಸಿಡಿದು ಕೊಂದುದುಂಟು. ಅದನ್ನು ದೈವವೆಂದು ಕರೆದು ಜನರು ಅತ್ತು ಸುಮ್ಮನಾಗುತ್ತಿದ್ದರು. (ಬಂಡೆಯ ಮೇಲಣ ಒತ್ತಡವನ್ನು ಹೆಚ್ಚಿಸಿದುದು ಮನುಷ್ಯನು ತೋಡಿದ ತೆರಪೇ ಅಲ್ಲವೆ ಎಂಬುದು ಬೇರೆ ಮಾತು.) ನಾನು ಇಲ್ಲಿ ವಿಚಾರಿಸುವುದು ದೈವದ ಮೇಲೆ ಹೊರಿಸಲಾಗದ ಒಂದು ಸಣ್ಣ ತಪ್ಪನ್ನು, ಎಣಿಕೆಯ ತಪ್ಪನ್ನು.

ಬಂಡೆಯಲ್ಲಿ ಕುಳಿ ಕೊರೆದು, ಮದ್ದು ತುಂಬಿ, ಬತ್ತಿಗೆ ಕಿಚ್ಚಿಟ್ಟು ದೂರ ಸರಿದವರು ಸಿಡಿತದ ಸದ್ದುಗಳನ್ನು ಎಣಿಸಬೇಕು. ಹದಿನಾರು ಕುಳಿಗಳಿಗೆ ಹದಿನೈದೇ ಸದ್ದು ಕೇಳಿದರೆ ಒಂದರಲ್ಲಿ ಮದ್ದು ಸಿಡಿಯದೆ ಉಳಿದಿರಬಹುದು. ಅದನ್ನು ಮುಂದಿನ ಪಾಳಿಯವರಿಗೆ ತಿಳಿಸತಕ್ಕದ್ದು. ತಿಳಿಸದಿದ್ದರೆ ಅಲ್ಲಿ ಕೊರೆಯುವ ಯಂತ್ರವನ್ನು ಇಟ್ಟವನ ಗತಿಯೇನು? ತಪ್ಪು ಒಬ್ಬನದು, ಸಾವು ಇನ್ನೊಬ್ಬನದು.

ನನ್ನ ಶಿಷ್ಯನೊಬ್ಬನ ತಂದೆ ಈ ಸೀಮೆಯ ಒಂದು ಗಣಿಯಲ್ಲಿ ಆ ಕೆಲಸ ಮಾಡುತ್ತಿದ್ದವರು. ತಮಿಳು ಬೆರೆತ ಕನ್ನಡದಲ್ಲಿ ಒಂದು ಸಂಜೆ ಅವರು ಹೇಳಿದುದು ಇದು. ಯೌವನದಲ್ಲಿ ಒಮ್ಮೆ ಅವರ ಎಣಿಕೆಗೆ ಒಂದು ಸದ್ದು ಕಡಮೆಯಾಯಿತು. ಎರಡು ಒಟ್ಟಿಗೆ ಸಿಡಿದಿರಬಹುದೆಂದು ತೋರಿದರೂ ಮನಸ್ಸು ಒಪ್ಪದೆ ಮೇಲಿನವರಿಗೆ ತಿಳಿಸಿದರು. ಕೆಲಸ ನಿಂತಿತು, ಹುಡುಕಿದರು, ಏನೂ ಸಿಕ್ಕಲಿಲ್ಲ. ಎಣಿಸಲು ಬಾರದವನೆಂದು ಬೈಗುಳವೂ, ಜೊತೆಯವರ ನಗೆಯೂ ಅವರ ಪಾಲಿಗೆ ಬಂದವು. "ಮತ್ತೊಂದು ಸಲ ಹಾಗೇ ಸಂಶಯ ಬಂತು, ಮೇಷ್ಟ್ರೆ. ಆಗ ನಾನು ಬಾಯಿ ಬಿಡಲಿಲ್ಲ. ಯಾರಿಗೂ ಏನೂ ಆಗಲಿಲ್ಲ. ಆದರೆ ಆ ರಾತ್ರಿ ಪಾಳಿ ಮುಗಿದು ಎಲ್ಲರೂ ಮೇಲೆ ಬರುವ ತನಕ ನಾನು ಮಲಗಲಿಲ್ಲ" ಎಂದರು.

ಚರಕನು ಪ್ರಜ್ಞಾಪರಾಧಕ್ಕೆ ಧೀ, ಧೃತಿ, ಸ್ಮೃತಿ ಎಂಬ ಮೂರರ ಭ್ರಂಶವನ್ನು ಕಾರಣವಾಗಿ ಹೇಳುತ್ತಾನೆ. ಇವರಲ್ಲಿ ಬುದ್ಧಿಯೂ ನೆನಪೂ ನೆಟ್ಟಗಿದ್ದವು, ಕೆಟ್ಟುದು ಧೃತಿ. ಅದನ್ನು ಕೆಡಿಸಿದವರು ಯಾರು? ನಕ್ಕವರಿಗೆ ಅದರಲ್ಲಿ ಪಾಲಿಲ್ಲವೆ?

ನೆಲದ ಆಳಕ್ಕೆ ಹೇಗೋ ನೀರಿನ ಆಳಕ್ಕೂ ಹಾಗೆಯೆ. ಸ್ಕಾಟ್ಲೆಂಡಿನ ಶರೀರಶಾಸ್ತ್ರಜ್ಞ ಜೆ. ಎಸ್. ಹಾಲ್ಡೇನರು 1896ರಲ್ಲಿ ಕಲ್ಲಿದ್ದಲ ಗಣಿಗಳ ಸಾವುಗಳನ್ನು ಕುರಿತು ವರದಿ ಬರೆದರು. ಅವರೇ 1908ರಲ್ಲಿ, ಮುಳುಗುಗಾರರು ಹಂತಹಂತವಾಗಿ ಏಕೆ ಮೇಲೇರಬೇಕೆಂಬುದನ್ನು ಸಹೋದ್ಯೋಗಿಗಳೊಡನೆ ಪ್ರಕಟಿಸಿದರು. ಈಗ ಮುರುಡೇಶ್ವರದ ಬಳಿಯ ನೇತ್ರಾಣಿ ದ್ವೀಪದಲ್ಲಿ ಉತ್ಸಾಹಿಗಳು ಗಾಳಿಯ ಉರುಳೆಯನ್ನು ಬೆನ್ನಿಗೆ ಕಟ್ಟಿ ಸಮುದ್ರಕ್ಕೆ ಇಳಿಯುತ್ತಾರೆ. ಇಂಥ ಮುಳುಗಿನಲ್ಲಿ ಪ್ರಾಣಾಪಾಯಕ್ಕೆ ಮೊದಲಾಗುವ ಕಾರಣಗಳಲ್ಲಿ ಗಾಳಿ ಮುಗಿದುಹೋಗುವುದು ಮುಖ್ಯವಾದುದು. ಮಾಪಕವು ಮುಖದ ಮುಂದೆಯೇ ಇರುತ್ತದೆ. ಪಕ್ಕದಲ್ಲಿ ಸಂಗಡಿಗನೂ ಇರುತ್ತಾನೆ. ಆದರೂ ತಾನೇ ಮೊದಲು ಹಿಂದಿರುಗಬೇಕೆನ್ನುವ ನಾಚಿಕೆ ಒಬ್ಬನ ಕೈಸನ್ನೆಯನ್ನು ತಡೆದರೆ, ಆ ನಾಚಿಕೆಯನ್ನು ಅಳೆಯುವ ಮಾಪಕವೆಲ್ಲಿದೆ?

ತಪ್ಪನ್ನು ಕ್ಷಮಿಸುತ್ತ ಹೋದರೆ ಅಜಾಗರೂಕತೆ ಬೆಳೆಯುವುದೆಂದು ಕೆಲವರು ಆಕ್ಷೇಪಿಸುವರು. ಆಕ್ಷೇಪವು ಹಗುರವಾದುದಲ್ಲ. ಆದರೆ ವಾಲ್ಮೀಕಿಯ ದಶರಥನನ್ನು ನೆನೆಯಬೇಕು. ಕೊಡ ತುಂಬುವ ಸದ್ದನ್ನು ಆನೆಯದೆಂದು ಭ್ರಮಿಸಿ ಮುನಿಕುಮಾರನನ್ನು ಕೊಂದ ಆತನು, ಕುರುಡು ತಂದೆತಾಯಿಗಳ ಬಳಿಗೆ ತಾನೇ ನಡೆದುಹೋಗಿ ಸಂಗತಿಯನ್ನು ತಿಳಿಸಿದನು. ನೀನಾಗಿ ಹೇಳದಿದ್ದರೆ ನಿನ್ನ ತಲೆ ಸಿಡಿದು ಚೂರಾಗುತ್ತಿದ್ದಿತೆಂದು ಮುನಿಯು ನುಡಿದನು. ಪುತ್ರಶೋಕದ ಶಾಪವನ್ನು ಕೊಡದೆ ಬಿಡಲಿಲ್ಲ. ಆದರೂ ಹೇಳಿದವನನ್ನೂ ಮರೆಮಾಚುವವನನ್ನೂ ಒಂದೇ ತಕ್ಕಡಿಯಲ್ಲಿ ತೂಗಲಿಲ್ಲ.

ನಾನೂ ಬೆತ್ತ ಹಿಡಿದವನೇ. ಮಸಿ ಚೆಲ್ಲಿದೆನೆಂದು ಎದ್ದುನಿಂತ ಹುಡುಗನಿಗೆ ಎರಡೇಟು ಕೊಟ್ಟಿದ್ದೇನೆ. ಎದ್ದುನಿಲ್ಲದವರು ಸುಖವಾಗಿ ಮನೆಗೆ ಹೋದರು. ಆ ಗಣಿಗಾರರ ಮಾತನ್ನು ಕೇಳಿದ ಮರುದಿನ ತರಗತಿಗೆ ಹೋದಾಗ, ಮೇಜಿನ ಮೇಲಿದ್ದ ಬೆತ್ತದ ಕಡೆಗೆ ಬಹಳ ಹೊತ್ತು ನೋಡುತ್ತ ನಿಂತಿದ್ದೆನು.