ನಾನೊಬ್ಬ ಹಾಕಿದರೆ ಏನಾಗುತ್ತೆ?

ಭಕ್ತಾದಿಗಳೇ, ಪಂಚಭೂತಗಳಿಗೆ ಕೈಮುಗಿಯುವ ನಾವೇ ಅವುಗಳಿಗೆ ವಿಷ ಬೆರೆಸಬಹುದೇ? ಬೆರೆಸಬಾರದು ಅಂತ ಎಲ್ಲರೂ ಒಪ್ಪುತ್ತಾರೆ. ಆದರೆ ಸ್ನಾನಘಟ್ಟದಲ್ಲಿ ಶಾಂಪೂ ಪ್ಯಾಕೆಟ್ಟು ಹರಿದು ಹೊಳೆಗೆ ಎಸೆಯುವಾಗ ಮಾತ್ರ “ನಾನೊಬ್ಬ ಹಾಕಿದರೆ ಏನಾಗುತ್ತೆ ಬಿಡಿ” ಎನ್ನುತ್ತೇವೆ. ಈ ಮಾತು ಧರ್ಮಕ್ಕೆ ಒಪ್ಪುತ್ತದೆಯೇ ಎಂದು ಸ್ವಲ್ಪ ವಿಚಾರ ಮಾಡೋಣ.

ಕಚೇರಿಯಲ್ಲಿ ಲೆಕ್ಕ ಬರೆಯುವವನಾದ್ದರಿಂದ ಲೆಕ್ಕದಿಂದಲೇ ಶುರು ಮಾಡುತ್ತೇನೆ. ಒಂದು ಪ್ಯಾಕೆಟ್ಟಿನಲ್ಲಿ 6 ಮಿಲಿ ಲೀಟರ್ ಶಾಂಪೂ ಇದೆ ಎಂದಿಟ್ಟುಕೊಳ್ಳಿ. ಒಂದು ಲಕ್ಷ ಜನ ಮಿಂದರೆ 600 ಲೀಟರ್, ಅಂದರೆ ದೊಡ್ಡ ಮೂರು ಡ್ರಮ್ಮು. ಅಷ್ಟನ್ನೂ ಒಬ್ಬನೇ ತಂದು ಹೊಳೆಗೆ ಸುರಿದರೆ ಅವನನ್ನು ಸುಮ್ಮನೆ ಬಿಡುತ್ತೇವೆಯೇ? ಲಕ್ಷ ಜನ ಹಂಚಿಕೊಂಡು ಸುರಿದರೆ ಮಾತ್ರ ಯಾರೂ ತಪ್ಪಿತಸ್ಥರಲ್ಲ! ಹುಂಡಿಯ ವಿಷಯದಲ್ಲಿ ನಮ್ಮ ನ್ಯಾಯವೇ ಬೇರೆ. ಅಲ್ಲಿ ಒಂದು ರೂಪಾಯಿ ಹಾಕಿದವರೂ “ನನ್ನ ಸೇವೆಯೂ ಸಂದಿತು” ಎಂದು ಸಮಾಧಾನ ಪಡುತ್ತಾರೆ. ಅದು ಸರಿಯೇ. ಪುಣ್ಯದಲ್ಲಿ ಚಿಕ್ಕ ಪಾಲೂ ಲೆಕ್ಕಕ್ಕೆ ಬರುವುದಾದರೆ ಪಾಪದಲ್ಲಿ ಹೇಗೆ ಬಿಟ್ಟುಹೋಗುತ್ತದೆ?

“ಹರಿಯುವ ನೀರಿಗೆ ಮೈಲಿಗೆಯಿಲ್ಲ, ಬೆಂಕಿ ಎಲ್ಲವನ್ನೂ ಶುದ್ಧ ಮಾಡುತ್ತೆ” ಅನ್ನುವವರಿದ್ದಾರೆ. ಮೈಲಿಗೆ ಬೇರೆ, ಮಾಲಿನ್ಯ ಬೇರೆ. ಮಿತಿಯಲ್ಲಿದ್ದರೆ ಹೂವು, ಎಲೆಗಳನ್ನು ನೀರು, ಮಣ್ಣು ಜೀರ್ಣಿಸಿಕೊಳ್ಳುತ್ತವೆ. ಪ್ಲಾಸ್ಟಿಕ್ಕನ್ನೂ, ಪಾಪ ಕಳೆಯಿತೆಂದು ಬಿಟ್ಟುಹೋಗುವ ಪಾಲಿಯೆಸ್ಟರ್ ಬಟ್ಟೆಯನ್ನೂ ಹೊಳೆ ಕೆಳಗಿನ ಊರಿಗೆ ದಾಟಿಸುತ್ತದೆ, ಅಷ್ಟೇ. ಬಟ್ಟೆ ಸೋಪಿನ ಪುಡಿಯಲ್ಲಿ ಫಾಸ್ಫೇಟ್ ಇದ್ದರೆ ಪಾಚಿ ಹೆಚ್ಚುತ್ತದೆ. ಪಾಚಿ ಕೊಳೆತಾಗ ನೀರಿನ ಆಮ್ಲಜನಕ ಕಡಿಮೆಯಾಗಿ ಮೀನು ಸಾಯುತ್ತವೆ. ಬೆಂಗಳೂರಿನ ಬೆಳ್ಳಂದೂರು ಕೆರೆಗೆ ಕೊಳಚೆ ನೀರು ಸೇರಿ ಸೇರಿ ನೊರೆ ರಸ್ತೆಗೆ ಬಂತು. 2017ರಲ್ಲಿ ಆ ಕೆರೆಯಲ್ಲೇ ಬೆಂಕಿ ಕಾಣಿಸಿಕೊಂಡಿತು. ಅಲ್ಲಿಯೂ ಎಷ್ಟೋ ಮನೆಯವರು ಚೆಲ್ಲಿದ್ದು ತಮ್ಮ ಒಂದೆರಡು ಬಕೆಟ್ ಮಾತ್ರ. ಇನ್ನು ಬೆಂಕಿಯ ಮಾತು. ಪಿವಿಸಿ ಪ್ಲಾಸ್ಟಿಕ್ ಸುಟ್ಟರೆ ಡಯಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಅದು ಗಾಳಿಯಲ್ಲಿ ಹೋಗಿ ಹುಲ್ಲಿನ ಮೇಲೆ ಕೂತು, ಹಸುವಿನ ಹೊಟ್ಟೆ ಸೇರಿ, ಹಾಲಿಗೂ ಬರುತ್ತದೆ. ಅಭಿಷೇಕಕ್ಕೆ ನಾವು ತರುವುದೂ ಹಾಲೇ ಅಲ್ಲವೇ?

ಕಾನೂನು ಇಲ್ಲವೆಂದಲ್ಲ. ನಮ್ಮ ರಾಜ್ಯದಲ್ಲಿ 2016ರಲ್ಲಿ ಪ್ಲಾಸ್ಟಿಕ್ ಚೀಲ, ತಟ್ಟೆ, ಲೋಟಗಳ ನಿಷೇಧವಾಯಿತು. 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಹಲವು ಪ್ಲಾಸ್ಟಿಕ್ ವಸ್ತುಗಳು ದೇಶಕ್ಕೇ ನಿಷಿದ್ಧ. 2025ರ ಮಾರ್ಚಿನಲ್ಲಿ, ತೀರ್ಥಕ್ಷೇತ್ರಗಳ ನದಿ, ಕೆರೆಗಳಿಂದ 500 ಮೀಟರ್ ಒಳಗೆ ಸೋಪು, ಶಾಂಪೂ ಮಾರದಂತೆ ತಡೆಯಲು ರಾಜ್ಯದ ಪರಿಸರ ಸಚಿವರು ಅಧಿಕಾರಿಗಳಿಗೆ ಸೂಚಿಸಿದರು. ಆದರೆ ಕಾವಲಿನವರು ಆಚೆ ತಿರುಗಿದಾಗ ನಮ್ಮ ಕೈ ಏನು ಮಾಡುತ್ತದೆ ಎಂಬುದು ಕಾನೂನಿನ ಪ್ರಶ್ನೆಯಲ್ಲ, ಧರ್ಮದ ಪ್ರಶ್ನೆ.

ಬೆಟ್ಟದ ಮೇಲೆ ನಿಂತವರಿಗೆ “ಮೇಲಿನವರು ಕೆಡಿಸಿದರು” ಎಂದು ದೂರಲು ಅವಕಾಶವೇ ಇಲ್ಲ. ಒಂದು ಮಳೆ ಬಂದರೆ ಸಾಕು, ಇಲ್ಲಿ ಬಿಟ್ಟದ್ದು ತಪ್ಪಲಿನ ಕೆರೆಗೆ ಇಳಿಯುತ್ತದೆ. ಆ ನೀರು ಕುಡಿಯುವವರ ಮುಖ ನಾವು ನೋಡಿಲ್ಲ, ಅವರು ನಮ್ಮನ್ನು ಬಂದು ಕೇಳುವುದೂ ಇಲ್ಲ. ಹಾಗೆ ಕೇಳಲಾರದವರಿಗೆ ಕೇಡಾಗದಂತೆ ನಡೆಯುವುದೂ ದೇವರ ಸೇವೆಯೇ.

ಆದ್ದರಿಂದ ಸೋಪಿಲ್ಲದೆ ಮುಳುಗು ಹಾಕಿ. ಉಟ್ಟ ಬಟ್ಟೆ ಹಿಂಡಿಕೊಂಡು ಮನೆಗೆ ಒಯ್ಯಿರಿ. ಬಟ್ಟೆ ಚೀಲ ತನ್ನಿ, ತಂದ ಖಾಲಿ ಕವರು ವಾಪಸ್ಸು ಕೊಂಡೊಯ್ಯಿರಿ. ಪಾಪ ಕಳೆಯಲು ಬಂದ ಜಾಗದಲ್ಲಿ ಹೊಸದೊಂದನ್ನು ಇಟ್ಟು ಹೋಗುವುದು ಬೇಡ.